ದದ್ದು ಕಾಣುವ ಮೊದಲೇ ಹರಡುವ ದಡಾರ: ಮಕ್ಕಳಿಗೆ ಆಟದಲ್ಲೇ ಕಲಿಸುವ ಬಗೆ

ಐದನೇ ತರಗತಿಯ ಮಕ್ಕಳನ್ನು "ದಡಾರ ಯಾತರಿಂದ ಬರುತ್ತೆ?" ಅಂತ ಕೇಳಿ ನೋಡಿ. "ವೈರಸ್‌ನಿಂದ" ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಉತ್ತರ ಸರಿ. ಈಗ ಇನ್ನೊಂದು ಪ್ರಶ್ನೆ ಕೇಳಿ. "ಮೈಮೇಲೆ ದದ್ದು ಎದ್ದ ತಕ್ಷಣ ಆ ಮಗುವನ್ನು ಬೇರೆ ಕೋಣೆಯಲ್ಲಿ ಇಟ್ಟರೆ ಉಳಿದವರು ಬಚಾವ್ ತಾನೇ?" ಹೌದು ಅನ್ನುವವರೇ ಜಾಸ್ತಿ. ದೊಡ್ಡವರಲ್ಲೂ ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ದದ್ದು ಕಾಣಿಸುವುದಕ್ಕೆ 4 ದಿನ ಮುಂಚಿನಿಂದಲೇ ಆ ಮಗುವಿನ ಉಸಿರಿನಲ್ಲಿ ವೈರಸ್ ಹೊರಗೆ ಬರುತ್ತಿರುತ್ತದೆ. ನಮ್ಮ ಪಾಠ ಶುರುವಾಗಬೇಕಾದದ್ದು ಇಲ್ಲಿಂದ.

ನಾನು ಸಕಲೇಶಪುರದ ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಐದರಿಂದ ಏಳನೇ ತರಗತಿಯವರಿಗೆ ಈ ಪಾಠ ಚೆನ್ನಾಗಿ ಹಿಡಿಸುತ್ತದೆ. ಮನೆಯಲ್ಲಿ ಅಕ್ಕಪಕ್ಕದ ನಾಲ್ಕು ಮಕ್ಕಳನ್ನು ಸೇರಿಸಿಕೊಂಡೂ ಮಾಡಬಹುದು. ಮೂರು ಪೀರಿಯಡ್ ಬೇಕು, ಒಂದೇ ದಿನ ತುರುಕಬೇಡಿ. ಸಾಮಾನು ಜಾಸ್ತಿ ಇಲ್ಲ: ಊದುಬತ್ತಿ, ಹಳೆ ಕ್ಯಾಲೆಂಡರ್, ಒಂದಷ್ಟು ರಟ್ಟು, ಕತ್ತರಿ, ಚೀಟಿ, ಮೂರು ಬಣ್ಣದ ಸ್ಕೆಚ್ ಪೆನ್, ಗೋಡೆಯ ಗಡಿಯಾರ. ನನ್ನ ಕೇಳಿದರೆ ಇದನ್ನು ನವೆಂಬರಿನಲ್ಲೇ ಮುಗಿಸುವುದು ಒಳ್ಳೆಯದು. ಕಾಫಿ ಕೊಯ್ಲಿಗೆ ಊರೂರಿಂದ ಜನ ಬರುತ್ತಾರೆ, ಲೈನ್ ಮನೆಗಳು ತುಂಬುತ್ತವೆ, ಹೊಸ ಮಕ್ಕಳು ತರಗತಿಗೆ ಸೇರುತ್ತಾರೆ. ದಡಾರ ಜಾಸ್ತಿ ಕಾಣಿಸಿಕೊಳ್ಳುವುದೂ ಚಳಿಗಾಲದ ಕೊನೆಗೆ, ಬೇಸಿಗೆಯ ಶುರುವಿಗೆ.

ಮೊದಲು ಮಕ್ಕಳ ಬಾಯಿಂದ ಕೇಳಿ

ನಮ್ಮ ಮನೆಗಳಲ್ಲಿ ಮೈಮೇಲೆ ಏನೇ ಎದ್ದರೂ "ಅಮ್ಮ ಆಗಿದೆ" ಅಂತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಮಕ್ಕಳು ಇದನ್ನೆಲ್ಲ ಹೇಳಲಿ, ನೀವು ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. "ಅದೆಲ್ಲ ಮೂಢನಂಬಿಕೆ" ಅಂತ ಒಂದೇ ಏಟಿಗೆ ಅಳಿಸಬೇಡಿ. ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತ ಅಜ್ಜಿಯ ವಿಷಯ ಅದು. ಅಜ್ಜಿಯನ್ನು ತಪ್ಪು ಅಂದರೆ ಮಗು ನಿಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ.

ಬರೆದದ್ದನ್ನು ಮಕ್ಕಳ ಕೈಯಲ್ಲೇ ವಿಂಗಡಿಸಿ. ಕಾಯಿಲೆಯ ಮಗುವನ್ನು ಬೇರೆ ಮಲಗಿಸುವುದು, ಮನೆಗೆ ಜನ ಬಾರದಂತೆ ನೋಡಿಕೊಳ್ಳುವುದು, ಇವು ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಬೇವಿನ ಸೊಪ್ಪಿನಿಂದ ತೊಂದರೆ ಇಲ್ಲ. ಆದರೆ ಊಟ ಕಡಿಮೆ ಮಾಡುವುದು, ಆಸ್ಪತ್ರೆಗೆ ತೋರಿಸದೆ ಕಾಯುವುದು ಅಪಾಯ. ದಡಾರ ಬಂದ ಮಗುವಿಗೆ ಊಟ ಮಾಮೂಲಿಗಿಂತ ಜಾಸ್ತಿ ಬೇಕು.

ಇದೇ ಹೊತ್ತಿಗೆ ಒಂದು ಗೊಂದಲ ಬಿಡಿಸಿಬಿಡಿ. ಚಿಕನ್‌ಪಾಕ್ಸ್‌ನಲ್ಲಿ ಏಳುವುದು ನೀರು ತುಂಬಿದ ಗುಳ್ಳೆ. ದಡಾರದಲ್ಲಿ ಮೊದಲು ಜೋರು ಜ್ವರ, ಕೆಮ್ಮು, ಮೂಗು ಸೋರುವುದು, ಕಣ್ಣು ಕೆಂಪಾಗುವುದು. ಆಮೇಲೆ ಕೂದಲಂಚು, ಕಿವಿಯ ಹಿಂದೆ, ಮುಖದಿಂದ ಶುರುವಾಗಿ ಕೆಳಗಿಳಿಯುವ ಕೆಂಪು ದದ್ದು. ಅದರಲ್ಲಿ ನೀರು ಇರುವುದಿಲ್ಲ.

ಊದುಬತ್ತಿಯಿಂದ ಗಾಳಿಯ ಪಾಠ

ಕಿಟಕಿ, ಬಾಗಿಲು ಮುಚ್ಚಿ. ಮಕ್ಕಳು ಕಣ್ಣು ಮುಚ್ಚಿಕೊಳ್ಳಲಿ. ತರಗತಿಯ ಒಂದು ಮೂಲೆಯಲ್ಲಿ ಒಂದೇ ಒಂದು ಊದುಬತ್ತಿ ಹಚ್ಚಿ. ವಾಸನೆ ಬಂದವರು ಸುಮ್ನೆ ಕೈ ಎತ್ತಬೇಕು, ಮಾತಾಡಬಾರದು. ಹತ್ತಿರದ ಬೆಂಚಿನಿಂದ ಕೈಗಳು ಏಳುತ್ತಾ ಹೋಗುತ್ತವೆ. ಕೊನೆಗೆ ಎದುರು ಮೂಲೆಯ ಮಗುವೂ ಕೈ ಎತ್ತುತ್ತದೆ. ಆಗ ಕೇಳಿ: "ಊದುಬತ್ತಿ ನಿನ್ನ ಹತ್ತಿರ ಬಂದಿತ್ತಾ? ಅದನ್ನು ಮುಟ್ಟಿದೆಯಾ?"

ಈಗ ಊದುಬತ್ತಿಯನ್ನು ಹೊರಗೆ ತೆಗೆದುಕೊಂಡು ಹೋಗಿ. ವಾಸನೆ ಹೋಗಿರುವುದಿಲ್ಲ ಅಲ್ವಾ? ಈ ಅರ್ಧವೇ ಮುಖ್ಯ. ದಡಾರ ಇರುವವರು ಕೆಮ್ಮಿ, ಸೀನಿ, ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ 2 ಗಂಟೆಯವರೆಗೆ ಉಳಿಯಬಲ್ಲದು. ಒಬ್ಬರನ್ನೊಬ್ಬರು ನೋಡದೆಯೇ ಕಾಯಿಲೆ ದಾಟುತ್ತದೆ. ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಮಗು ಕೆಮ್ಮುತ್ತಾ ಬಂದು ಇಳಿಯಿತು ಅಂದುಕೊಳ್ಳಿ. ಅದೇ ಸೀಟಿಗೆ ಇನ್ನೊಂದು ಮಗು ಹತ್ತಿತು. ಮಳೆ ಅಂತ ಶಟರ್ ಎಲ್ಲ ಎಳೆದಿದೆ. ಆ ಎರಡನೇ ಮಗುವಿಗೆ ರಕ್ಷಣೆ ಇಲ್ಲದಿದ್ದರೆ ಕಾಯಿಲೆ ತಗಲಬಹುದು.

ಕೊನೆಗೆ ಕಿಟಕಿಗಳನ್ನೆಲ್ಲ ತೆಗೆಯಿರಿ. ವಾಸನೆ ಎಷ್ಟು ಬೇಗ ಕಡಿಮೆಯಾಯಿತು ಅಂತ ಗಮನಿಸಲಿ. ನಮ್ಮ ಮಲೆನಾಡಿನ ಶಾಲೆಗಳಲ್ಲಿ ಆರಿದ್ರಾ ಮಳೆ ಹಿಡಿದರೆ ಕಿಟಕಿ ತೆಗೆಯುವುದೇ ಇಲ್ಲ. ಮಳೆ ಬೀಳದ ಬದಿಯ ಕಿಟಕಿಯನ್ನಾದರೂ ತೆಗೆದಿಡುವ ಅಭ್ಯಾಸ ಮಕ್ಕಳಿಂದಲೇ ಶುರುವಾಗಲಿ.

ಎರಡು ಎಚ್ಚರಿಕೆ. ತರಗತಿಯಲ್ಲಿ ಉಬ್ಬಸ ಇರುವ ಮಗು ಇದ್ದರೆ ಊದುಬತ್ತಿ ಬೇಡ, ಕಿತ್ತಳೆ ಸಿಪ್ಪೆ ಹಿಂಡಿ. ಇನ್ನೊಂದು, ವಾಸನೆ ಹೋದಷ್ಟೇ ದೂರ ವೈರಸ್ ಹೋಗುತ್ತದೆ ಅಂತ ಮಕ್ಕಳು ಅಳತೆ ಹಿಡಿಯಬಾರದು. ಗಾಳಿಯಲ್ಲಿ ತೇಲುತ್ತದೆ, ಉಳಿಯುತ್ತದೆ ಅನ್ನುವುದಷ್ಟೇ ಇದರಿಂದ ಗೊತ್ತಾಗಬೇಕು.

ಕ್ಯಾಲೆಂಡರ್ ಮೇಲೆ ಬಣ್ಣ ಹಚ್ಚಿಸಿ

ಇಡೀ ಪಾಠದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಹಂತ. ಸಮಯ ಕಡಿಮೆ ಇದ್ದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಸೋಮವಾರ 1ನೇ ತಾರೀಕು ಬರುವ ಒಂದು ತಿಂಗಳ ಹಾಳೆ ಹುಡುಕಿಕೊಳ್ಳಿ. ಒಂದು ಮಗುವಿಗೆ ಒಂದು ಸುಳ್ಳು ಹೆಸರು ಕೊಡಿ. ತರಗತಿಯಲ್ಲಿ ಯಾರಿಗೂ ಇಲ್ಲದ ಹೆಸರಾಗಿರಲಿ. ಆ ಮಗು 1ನೇ ತಾರೀಕು ಎಲ್ಲೋ ವೈರಸ್ ಉಸಿರಾಡಿತು. ಅಲ್ಲಿ ಒಂದು ಚುಕ್ಕೆ ಇಡಿಸಿ. 2ರಿಂದ 10ರವರೆಗೆ ಖಾಲಿ ಬಿಡಿ. ಮಗು ಓಡಾಡಿಕೊಂಡಿದೆ, ಕುಂಟೆಬಿಲ್ಲೆ ಆಡುತ್ತಿದೆ, ಬಿಸಿಯೂಟ ಮಾಡುತ್ತಿದೆ. ಒಳಗೆ ವೈರಸ್ ಹೆಚ್ಚುತ್ತಿದೆ, ಹೊರಗೆ ಏನೂ ಗೊತ್ತಿಲ್ಲ. 11ನೇ ತಾರೀಕು ಗುರುವಾರ ಜ್ವರ, ನೆಗಡಿ ಶುರು. 13ರ ಹೊತ್ತಿಗೆ ಕೆನ್ನೆಯ ಒಳಬದಿಯಲ್ಲಿ ಸಣ್ಣ ಬಿಳಿ ಚುಕ್ಕೆ. 15ನೇ ತಾರೀಕು ಸೋಮವಾರ ಮುಖದ ಮೇಲೆ ದದ್ದು. ಎಲ್ಲ ಮಕ್ಕಳಿಗೂ ಇದೇ ತಾರೀಕಿಗೆ ಆಗುವುದಿಲ್ಲ, ಕೆಲವು ದಿನ ಹಿಂದೆ ಮುಂದೆ ಇರುತ್ತದೆ ಅಂತಲೂ ಹೇಳಿ.

ಈಗ ಕೆಂಪು ಪೆನ್ ಕೊಡಿ. ದದ್ದಿಗೆ 4 ದಿನ ಮೊದಲು, ದದ್ದು ಬಂದ ಮೇಲೆ 4 ದಿನ. ಅಂದರೆ 11ರಿಂದ 19ರವರೆಗೆ ಬಣ್ಣ ತುಂಬಬೇಕು. ಈ ದಿನಗಳಲ್ಲೆಲ್ಲ ಆ ಮಗುವಿನಿಂದ ಬೇರೆಯವರಿಗೆ ಹರಡುತ್ತದೆ. ತುಂಬಿ ಮುಗಿದ ಮೇಲೆ ನೀವು ಏನೂ ಹೇಳಬೇಡಿ. ಹಾಳೆ ನೋಡುತ್ತಾ ಕೂರಲಿ.

ನಮ್ಮ ತರಗತಿಯಲ್ಲಿ ಒಬ್ಬಳು ಬೆರಳನ್ನು 11ರ ಮೇಲೆ ಇಟ್ಟು, ಒಂದೊಂದೇ ಮನೆ ದಾಟಿಸುತ್ತಾ ಹೇಳಿದಳು: "ಗುರುವಾರ ಸ್ಕೂಲಿಗೆ ಬಂದಿದಾನೆ. ಶುಕ್ರವಾರಾನೂ. ಶನಿವಾರ ಬೆಳಿಗ್ಗೆ ಸ್ಕೂಲು. ಭಾನುವಾರ ಅವರ ಮಾವನ ಮದುವೆ ಇದ್ದರೆ?" ಬೆರಳು 15ಕ್ಕೆ ಬಂದು ನಿಂತಿತು. "ಮಿಸ್, ದದ್ದು ಬಂತು ಅಂತ ಬಾಗಿಲು ಹಾಕೋದು ಇವತ್ತು. ಅಷ್ಟರಲ್ಲಿ ಮದುವೆ ಮನೆಯವರಿಗೆಲ್ಲ ಹೋಗಿರುತ್ತೆ."

ಇದನ್ನು ನೀವು ಹೇಳಿಕೊಡುವುದಕ್ಕೂ, ಮಗು ತಾನೇ ಬೆರಳಿಟ್ಟು ಕಂಡುಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಅದಕ್ಕೇ ಸುಮ್ಮನಿರಿ ಅಂದದ್ದು.

ಆಮೇಲೆ ನೀಲಿ ಪೆನ್. 11ನೇ ತಾರೀಕು ಪಕ್ಕದಲ್ಲಿ ಕೂತ ಗೆಳೆಯನಿಗೆ ತಗಲಿದ್ದರೆ ಅವನಿಗೆ ಜ್ವರ ಯಾವಾಗ? 21ರ ಸುಮಾರಿಗೆ. ದದ್ದು? 25ಕ್ಕೆ. ಅವನಿಂದ ಹರಡುವ ದಿನಗಳು ಯಾವುವು? ಲೆಕ್ಕ ಅವರೇ ಮಾಡಲಿ. ಅವನಿಂದ ಇನ್ನೊಬ್ಬನಿಗೆ ತಗಲಿದ್ದರೆ ತಿಂಗಳ ಹಾಳೆ ಮುಗಿದು ಮುಂದಿನ ತಿಂಗಳಿಗೆ ಬಣ್ಣ ಹರಿಯುತ್ತದೆ.

ಚೀಟಿ ಆಟ ಮತ್ತು 95ರ ಲೆಕ್ಕ

ರಕ್ಷಣೆ ಇಲ್ಲದವರೇ ತುಂಬಿರುವ ಕಡೆ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಹರಡುತ್ತದೆ ಅನ್ನುವುದು ಬಹುಕಾಲದಿಂದ ಒಪ್ಪಿಕೊಂಡು ಬಂದ ಅಂದಾಜು. ರಕ್ಷಣೆ ಇಲ್ಲದ 10 ಜನ ರೋಗಿಯ ಜೊತೆ ಹತ್ತಿರದಲ್ಲಿ ಇದ್ದರೆ 9 ಜನರವರೆಗೂ ಬರಬಹುದು. ಇಷ್ಟು ಜೋರಾಗಿ ಹರಡುವ ಕಾಯಿಲೆ ಬಹಳ ಕಡಿಮೆ.

40 ಮಕ್ಕಳಿದ್ದಾರೆ ಅಂದುಕೊಳ್ಳೋಣ. ಮೊದಲ ಆಟಕ್ಕೆ 40 ಚೀಟಿ, ಒಂದರಲ್ಲಿ ಮಾತ್ರ ಕೆಂಪು ಚುಕ್ಕೆ. ಚೀಟಿ ತೆರೆದ ಮೇಲೆ ಕೆಂಪು ಚುಕ್ಕೆಯ ಮಗು ಓಡಾಡಿ 15 ಜನರ ಭುಜ ಮುಟ್ಟಬೇಕು. ಮುಟ್ಟಿಸಿಕೊಂಡವರು ಕೂರುತ್ತಾರೆ. ಎರಡನೇ ಸುತ್ತಿನಲ್ಲಿ ಆ 15 ಜನರೂ ಎದ್ದು ಉಳಿದವರನ್ನು ಮುಟ್ಟಬೇಕು. ಉಳಿದದ್ದು 24 ಮಾತ್ರ. ಎರಡೇ ಸುತ್ತಿಗೆ ತರಗತಿ ಪೂರ್ತಿ ಕೂತಿರುತ್ತದೆ. ಗದ್ದಲ ಆಗುತ್ತದೆ, ಆಗಲಿ.

ಎರಡನೇ ಆಟಕ್ಕೆ ಚೀಟಿ ಬದಲಿಸಿ. 38 ಚೀಟಿಯಲ್ಲಿ "ಲ" ಅಂತ ಬರೆಯಿರಿ, ಲಸಿಕೆ ಅಂತ ಅರ್ಥ. ಒಂದು ಖಾಲಿ, ಒಂದರಲ್ಲಿ ಕೆಂಪು ಚುಕ್ಕೆ. ಕೆಂಪು ಚುಕ್ಕೆ ಬಿಟ್ಟು ಬೇರೆಯವರು ತಮ್ಮ ಚೀಟಿಯನ್ನು ಯಾರಿಗೂ ತೋರಿಸಬಾರದು. ಮುಟ್ಟಿಸಿಕೊಂಡ ಮೇಲೆ "ಲ" ಇರುವವರು ಚೀಟಿ ಎತ್ತಿ ಹಿಡಿದು ನಿಂತೇ ಇರುತ್ತಾರೆ. ಬಹಳ ಸಲ ಯಾರೂ ಕೂರುವುದಿಲ್ಲ. ಆ ಒಂದು ಖಾಲಿ ಚೀಟಿಯ ಮಗು ಹೆಚ್ಚಿನ ಸಲ ಉಳಿದುಕೊಳ್ಳುತ್ತದೆ. ಲಸಿಕೆ ಹಾಕಿಸಿಕೊಳ್ಳಲು ಆಗದವರೂ ಇರುತ್ತಾರೆ ಅಂತ ಇಲ್ಲಿ ಹೇಳಿ. 9 ತಿಂಗಳು ತುಂಬದ ಕೂಸು, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವ ಮಗು, ಬಸುರಿ ಹೆಂಗಸು. ಸುತ್ತ ನಿಂತವರ "ಲ" ಚೀಟಿಯೇ ಅವರಿಗೆ ಕಾವಲು.

ಮೂರನೇ ಆಟದಲ್ಲಿ "ಲ" 28ಕ್ಕೆ ಇಳಿಸಿ, ಖಾಲಿ ಚೀಟಿ 11 ಮಾಡಿ. ಏನಾಗುತ್ತದೆ ಅಂತ ಅವರೇ ನೋಡಲಿ.

ಏಳನೇ ತರಗತಿಯವರಿಗಾದರೆ ಗಣಿತಕ್ಕೂ ಕೈ ಹಾಕಿ. ಒಬ್ಬನಿಂದ 18 ಜನರಿಗೆ ಹರಡುವ ಕಾಯಿಲೆ ಬೆಳೆಯದೆ ನಿಲ್ಲಬೇಕಾದರೆ ಅದು ಒಬ್ಬನಿಂದ ಒಬ್ಬನಿಗೆ ಮಾತ್ರ ಹೋಗುವ ಹಾಗೆ ಮಾಡಬೇಕು. ಅಂದರೆ 18 ಜನರಲ್ಲಿ 17 ಜನರಿಗೆ ರಕ್ಷಣೆ ಇರಬೇಕು. 17ನ್ನು 18ರಿಂದ ಭಾಗಿಸಿ, ಶೇಕಡಾ ಎಷ್ಟು? 94 ದಾಟುತ್ತದೆ. ಶೇ. 95 ಮಕ್ಕಳಿಗೆ ಲಸಿಕೆ ಆಗಬೇಕು ಅಂತ ಆರೋಗ್ಯ ಇಲಾಖೆಯವರು ಯಾವಾಗಲೂ ಹೇಳುವ ಲೆಕ್ಕ ಎಲ್ಲಿಂದ ಬಂತು ಅಂತ ಮಕ್ಕಳಿಗೆ ಆಗ ತಾನಾಗೇ ತಿಳಿಯುತ್ತದೆ.

ಒಂದು ಮಾತು ಕಟ್ಟುನಿಟ್ಟಾಗಿ ಪಾಲಿಸಿ. "ನಿಮ್ಮಲ್ಲಿ ಯಾರು ಲಸಿಕೆ ಹಾಕಿಸಿಲ್ಲ?" ಅಂತ ತರಗತಿಯಲ್ಲಿ ಯಾವತ್ತೂ ಕೇಳಬೇಡಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟಕ್ಕೆ ಬಂದ ಮನೆಗಳ ಮಕ್ಕಳ ಕಡೆಗೆ ಎಲ್ಲರ ಕಣ್ಣು ತಿರುಗುತ್ತದೆ. ಊರಿಂದ ಊರಿಗೆ ಹೋಗುವಾಗ ಆ ಅಪ್ಪ ಅಮ್ಮನಿಗೆ ಡೋಸ್ ತಪ್ಪಿರಬಹುದು, ಮಗುವಿನ ತಪ್ಪು ಏನಿದೆ? ಚೀಟಿ ಆಟದಲ್ಲಿ ಯಾರು ಏನಾಗುತ್ತಾರೆ ಅನ್ನುವುದು ಚೀಟಿಯ ಮೇಲಿದೆ. ಹಾಗೇ ಇರಲಿ.

ಮೈಯೊಳಗೆ ಏನು ನಡೆಯುತ್ತದೆ

ಎರಡನೇ ದಿನ ಇದನ್ನು ಮಾಡಿ. ಪೊಲೀಸ್, ಸೈನಿಕ, ಯುದ್ಧ ಅಂತ ಹೇಳುವುದು ಸುಲಭ, ಮಕ್ಕಳಿಗೆ ಇಷ್ಟವೂ ಹೌದು. ಆದರೆ ಆ ಕಥೆಯಲ್ಲಿ ಅಸಲು ವಿಷಯ ಕಳೆದುಹೋಗುತ್ತದೆ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಗುರುತಿಸುವ ಬಿ ಕೋಶಗಳು, ಟಿ ಕೋಶಗಳು ಲೆಕ್ಕವಿಲ್ಲದಷ್ಟು ಬಗೆಯವು ಇವೆ. ಒಂದೊಂದರ ಮೇಲ್ಮೈ ಒಂದೊಂದು ಆಕಾರ. ಬಂದ ವೈರಸ್‌ಗೆ ಸರಿಯಾಗಿ ಕೂರುವ ಆಕಾರದ ಕೋಶ ಸಿಗಬೇಕು, ಅದು ತನ್ನಂಥದ್ದೇ ಸಾವಿರಾರು ಕೋಶ ಮಾಡಿಕೊಳ್ಳಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ. ಇದನ್ನು ರಟ್ಟಿನಲ್ಲೇ ತೋರಿಸಬಹುದು.

ನೀವು ಒಂದು ರಟ್ಟಿನ ತುಂಡು ಕತ್ತರಿಸಿ, ಒಂದು ಅಂಚು ಅಂಕುಡೊಂಕಾಗಿರಲಿ. ಅದು ದಡಾರದ ವೈರಸ್. ಮಕ್ಕಳಿಗೆ ತಲಾ ಒಂದು ರಟ್ಟು ಕೊಡಿ, ಎಲ್ಲರ ಅಂಚೂ ಬೇರೆ ಬೇರೆ. ಒಬ್ಬರದ್ದು ಮಾತ್ರ ನಿಮ್ಮ ತುಂಡಿಗೆ ಸರಿಯಾಗಿ ಹೊಂದುವಂತೆ ಮೊದಲೇ ಕತ್ತರಿಸಿಟ್ಟಿರಿ. ಗಡಿಯಾರ ನೋಡಿ ಶುರು ಮಾಡಿ. ವೈರಸ್ ಕೈಯಿಂದ ಕೈಗೆ ಹೋಗಲಿ, ಎಲ್ಲರೂ ಜೋಡಿಸಿ ನೋಡಲಿ. ಹೊಂದಿಕೆಯಾದ ಮಗು ತನ್ನ ರಟ್ಟನ್ನು ಪೆನ್ಸಿಲ್‌ನಲ್ಲಿ ಗೀರಿ, ಅದೇ ಆಕಾರದ 10 ತುಂಡು ಕತ್ತರಿಸಿ ಹಂಚಬೇಕು. ಹಂಚಿ ಮುಗಿದ ಮೇಲೆ ಹೊತ್ತು ಬರೆದುಕೊಳ್ಳಿ. ಕತ್ತರಿ ಒಂದೇ ಇದ್ದರೆ ಇನ್ನೂ ಒಳ್ಳೆಯದು, ಕಾಯುವುದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಈಗ ಅದೇ ವೈರಸ್ ತುಂಡನ್ನು ಮತ್ತೆ ಬಿಡಿ. ಆ 10 ತುಂಡು ತರಗತಿಯಲ್ಲೆಲ್ಲ ಹರಡಿವೆ. ಎರಡು ಮೂರು ಕೈ ದಾಟುವುದರೊಳಗೆ ಸಿಕ್ಕಿಬೀಳುತ್ತದೆ.

ಮೊದಲ ಸಲಕ್ಕೂ ಎರಡನೇ ಸಲಕ್ಕೂ ಹಿಡಿದ ಹೊತ್ತಿನ ವ್ಯತ್ಯಾಸವೇ ರೋಗ ನಿರೋಧಕ ಶಕ್ತಿಯ ನೆನಪು. ಕ್ಯಾಲೆಂಡರ್ ಹಾಳೆಯ ಪಕ್ಕದಲ್ಲೇ ಇದನ್ನೂ ಬರೆದಿಡಿ.

ಇನ್ನು ವೈರಸ್‌ನ ದಾರಿ. ಉಸಿರಿನ ಜೊತೆ ಒಳಗೆ ಹೋಗುತ್ತದೆ. ಶ್ವಾಸಕೋಶದಲ್ಲಿ ಕಸ, ರೋಗಾಣು ಹಿಡಿಯುವುದಕ್ಕೆ ಅಂತ ಇರುವ ರಕ್ಷಣೆಯ ಕೋಶಗಳೊಳಗೇ ಸೇರಿಕೊಳ್ಳುತ್ತದೆ. ಅವು ಅದನ್ನು ದುಗ್ಧಗ್ರಂಥಿಗಳಿಗೆ, ಅಂದರೆ ರಕ್ಷಣೆಯ ಕೋಶಗಳು ಗುಂಪುಗೂಡಿರುವ ಸಣ್ಣ ಗಂಟುಗಳಿಗೆ, ಹೊತ್ತುಕೊಂಡು ಹೋಗುತ್ತವೆ. ಅಲ್ಲಿ ಹೆಚ್ಚಿ, ರಕ್ತಕ್ಕಿಳಿದು, ಚರ್ಮ, ಕಣ್ಣು, ಕರುಳು ಎಲ್ಲ ಕಡೆ ಹೋಗುತ್ತದೆ. ಕೊನೆಗೆ ಗಂಟಲು, ಶ್ವಾಸನಾಳಕ್ಕೆ ಬಂದು ಕೆಮ್ಮಿನ ಜೊತೆ ಹೊರಬೀಳುತ್ತದೆ. ಒಂದು ಮಗು ನೆಲದ ಮೇಲೆ ಮಲಗಲಿ, ಸುತ್ತ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದು, ಆ ಚಿತ್ರದೊಳಗೆ ಈ ದಾರಿಯನ್ನು ಬಾಣದಿಂದ ಬರೆಸಿ.

ಬಿ ಕೋಶಗಳು ಪ್ರತಿಕಾಯ ಅನ್ನುವ ವಸ್ತುವನ್ನು ತಯಾರು ಮಾಡುತ್ತವೆ. ಅದು ವೈರಸ್‌ಗೆ ಅಂಟಿಕೊಂಡು, ಅದು ಹೊಸ ಕೋಶದೊಳಗೆ ಹೋಗದಂತೆ ತಡೆಯುತ್ತದೆ. ಟಿ ಕೋಶಗಳು ವೈರಸ್ ಈಗಾಗಲೇ ಒಳಹೊಕ್ಕ ಕೋಶಗಳನ್ನು ಹುಡುಕಿ ನಾಶ ಮಾಡುತ್ತವೆ. ಚರ್ಮದಲ್ಲಿ ಈ ಕೆಲಸ ನಡೆಯುವಾಗ ಕಾಣುವುದೇ ಆ ಕೆಂಪು ದದ್ದು. ಅಂದರೆ ದದ್ದು ವೈರಸ್ ಮಾಡಿದ ಗಾಯ ಅಲ್ಲ, ನಮ್ಮ ದೇಹ ವೈರಸ್‌ನ್ನು ತೆಗೆದುಹಾಕುತ್ತಿರುವ ಗುರುತು. ಟಿ ಕೋಶಗಳು ಸರಿಯಾಗಿ ಕೆಲಸ ಮಾಡದ ಮಕ್ಕಳಿಗೆ ದದ್ದೇ ಏಳದೆ ದಡಾರ ಬರಬಹುದು, ಅವರಿಗೇ ಅದು ಹೆಚ್ಚು ಅಪಾಯ. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು. "ಒಳಗಿಂದ ಅಮ್ಮ ಹೊರಗೆ ಬರಲಿ" ಅಂತ ಕಾಯುವ ಮನೆಗಳಿಂದ ಬಂದವರು ಅವರು. ದದ್ದು ಎದ್ದಾಗ ದೇಹದ ಕೆಲಸ ಜೋರಾಗಿ ನಡೆಯುತ್ತಿದೆ, ಅದಕ್ಕೆ ಊಟ, ನೀರು, ವಿಶ್ರಾಂತಿ, ಡಾಕ್ಟರ ಸಹಾಯ ಬೇಕು ಅಂತ ಮನೆಯಲ್ಲಿ ಹೋಗಿ ಹೇಳಲಿ.

ಫೆರೋ ದ್ವೀಪದ ಕಥೆ

ನೆನಪು ಎಷ್ಟು ವರ್ಷ ಉಳಿಯುತ್ತೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಈ ಕಥೆ ಹೇಳಿ.

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಫೆರೋ ಅಂತ ದ್ವೀಪಗಳಿವೆ. 1781ರಲ್ಲಿ ಅಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಬರಲೇ ಇಲ್ಲ. 1846ರಲ್ಲಿ ಮತ್ತೆ ಬಂತು. ಸುಮಾರು 7,800 ಜನರಲ್ಲಿ ಸುಮಾರು 6,000 ಜನ ಮಲಗಿದರು. ಡೆನ್ಮಾರ್ಕ್ ಸರ್ಕಾರ ಪೀಟರ್ ಪಾನುಮ್ ಅನ್ನುವ ಎಳೆಯ ಡಾಕ್ಟರನ್ನು ಅಲ್ಲಿಗೆ ಕಳಿಸಿತು. ಆತ ಊರೂರು ಅಲೆದು, ಯಾರಿಗೆ ಯಾವ ದಿನ ತಗಲಿತು, ಯಾವ ದಿನ ದದ್ದು ಎದ್ದಿತು ಅಂತ ಬರೆದುಕೊಂಡ. ತಗಲಿದ ಸುಮಾರು 14ನೇ ದಿನಕ್ಕೆ ದದ್ದು ಅನ್ನುವುದು ಹೀಗೆ ಗೊತ್ತಾಯಿತು. ನಮ್ಮ ಕ್ಯಾಲೆಂಡರಿನ 1 ಮತ್ತು 15ನೇ ತಾರೀಕು ಆ ಮನುಷ್ಯನ ನಡಿಗೆಯಿಂದ ಬಂದದ್ದು.

ಇಲ್ಲಿ ಕಥೆ ನಿಲ್ಲಿಸಿ ಕೇಳಿ: "ಕಾಯಿಲೆ ಬಾರದೇ ಉಳಿದವರಲ್ಲಿ ತುಂಬಾ ವಯಸ್ಸಾದ ಅಜ್ಜ ಅಜ್ಜಿಯರಿದ್ದರು. ಯಾಕೆ?" ಸ್ವಲ್ಪ ಹೊತ್ತು ಕೊಡಿ. 1781ರಲ್ಲಿ ಮಕ್ಕಳಾಗಿದ್ದಾಗ ಬಂದು ಹೋದವರು ಅವರು ಅಂತ ಯಾರಾದರೂ ಹೇಳುತ್ತಾರೆ. 65 ವರ್ಷ ಆದರೂ ಅವರ ದೇಹ ಮರೆತಿರಲಿಲ್ಲ. ವೈರಸ್ ಅಂದರೇನು ಅಂತಲೇ ಗೊತ್ತಿಲ್ಲದ ಕಾಲದಲ್ಲಿ ಪಾನುಮ್ ಇದನ್ನು ಕಂಡುಕೊಂಡ.

ಹಾಗಾದರೆ ಒಂದು ಸಲ ಬಂದು ಹೋಗಲಿ ಬಿಡಿ, ಅನ್ನಬಾರದು

ಈ ಕಥೆ ಕೇಳಿದ ಮೇಲೆ ಜಾಣ ಮಕ್ಕಳು ಕೇಳುವ ಪ್ರಶ್ನೆಯೇ ಇದು. "ಒಂದು ಸಲ ಬಂದರೆ ಜೀವನಪೂರ್ತಿ ರಕ್ಷಣೆ ಅಂದರೆ ಲಸಿಕೆ ಯಾಕೆ ಮಿಸ್?" ಉತ್ತರವನ್ನು ಮುಚ್ಚಿಡಬೇಡಿ, ಹೆದರಿಸಲೂ ಬೇಡಿ.

ದಡಾರದ ಜೊತೆ ನ್ಯುಮೋನಿಯಾ, ಭೇದಿ, ಕಿವಿ ಸೋರುವುದು ಬರುತ್ತದೆ. ವಿಟಮಿನ್ ಎ ಕೊರತೆ ಇರುವ ಮಕ್ಕಳ ಕಣ್ಣೇ ಹೋಗಬಹುದು. ಸುಮಾರು 1,000 ರೋಗಿಗಳಲ್ಲಿ ಒಬ್ಬರಿಗೆ ಮೆದುಳಿಗೆ ಊತ ಬರುತ್ತದೆ. ಇದರ ಮೇಲೆ ಇನ್ನೊಂದು ನಷ್ಟ ಇದೆ, ಅದನ್ನು ರಟ್ಟಿನಲ್ಲಿ ತೋರಿಸಿ. ಮೇಜಿನ ಮೇಲೆ ಬೇರೆ ಬೇರೆ ಕಾಯಿಲೆಗಳ ಹೆಸರಿನ ರಟ್ಟಿನ ಗುಡ್ಡೆ ಇಡಿ. ಮಗು ಹುಟ್ಟಿದಾಗಿನಿಂದ ನೆಗಡಿ, ಭೇದಿ, ಕೆಮ್ಮು ಎಲ್ಲ ಬಂದು ಹೋಗಿ ಕೂಡಿಟ್ಟ ನೆನಪು ಅವು. ದಡಾರದ ವೈರಸ್ ಹಿಡಿದ ಮಗು ಬಂದು ಪ್ರತಿ ಗುಡ್ಡೆಯಿಂದ ಕೈಗೆ ಸಿಕ್ಕಷ್ಟು ತೆಗೆದುಕೊಂಡು ಹೋಗಲಿ. ದಡಾರ ಬೆಳೆಯುವುದೇ ನೆನಪು ಇಟ್ಟುಕೊಳ್ಳುವ ಕೋಶಗಳೊಳಗೆ ಆದ್ದರಿಂದ ಹಳೆಯ ನೆನಪು ಅಳಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು, ಆಮೇಲೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅವರ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಬಗೆಗಳು ಕಾಣೆಯಾಗಿದ್ದವು. ಲಸಿಕೆಯಿಂದ ಹೀಗೆ ಆಗುವುದಿಲ್ಲ. ದಡಾರ ವಾಸಿಯಾದ ಮೇಲೂ ಮಗು ತಿಂಗಳುಗಟ್ಟಲೆ ಮತ್ತೆ ಮತ್ತೆ ಬೇರೆ ಕಾಯಿಲೆ ಬೀಳುವುದು ಯಾಕೆ ಅಂತ ತಾಯಂದಿರಿಗೂ ಇದರಿಂದ ಅರ್ಥವಾಗುತ್ತದೆ.

ಲಸಿಕೆಯ ವಿಷಯ

1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಒಬ್ಬ ಶಾಲಾ ಹುಡುಗನ ರಕ್ತದಿಂದ ಈ ವೈರಸ್‌ನ್ನು ಬೇರ್ಪಡಿಸಿದರು. ಅದನ್ನು ಮತ್ತೆ ಮತ್ತೆ ಬೆಳೆಸಿ ಬಲ ಕುಗ್ಗಿಸಿ, 1963ರಲ್ಲಿ ಲಸಿಕೆ ಬಂತು. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ. ಎರಡನೇ ಡೋಸ್ ಶುರುವಾದದ್ದು 2010ರಲ್ಲಿ. ದಡಾರಕ್ಕೂ, ದದ್ದು ಏಳುವ ಇನ್ನೊಂದು ವೈರಸ್ ಕಾಯಿಲೆಯಾದ ರುಬೆಲ್ಲಾಕ್ಕೂ ಸೇರಿಸಿ ಒಂದೇ ಲಸಿಕೆ ಹಾಕುವ ದಡಾರ-ರುಬೆಲ್ಲಾ ಅಭಿಯಾನ 2017ರ ಫೆಬ್ರವರಿಯಲ್ಲಿ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲರಿಗೂ ಆಗ ಶಾಲೆ, ಅಂಗನವಾಡಿಯಲ್ಲೇ ಹಾಕಿದರು.

ಈಗಿನ ಕ್ರಮ ಸರಳ. ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, 12 ತಿಂಗಳೊಳಗೆ. ಎರಡನೆಯದು 16ರಿಂದ 24 ತಿಂಗಳೊಳಗೆ. ಬಲ ತೋಳಿಗೆ. ಹುಟ್ಟಿದ ಕೂಡಲೇ ಯಾಕೆ ಹಾಕಲ್ಲ ಅಂತ ಮಕ್ಕಳು ಕೇಳುತ್ತಾರೆ. ತಾಯಿಯಿಂದ ಬಂದ ಪ್ರತಿಕಾಯ ಕೂಸಿನ ಮೈಯಲ್ಲಿ ಕೆಲವು ತಿಂಗಳು ಇರುತ್ತದೆ, ಅದು ಲಸಿಕೆಯ ವೈರಸ್‌ನ್ನೂ ತಡೆದುಬಿಡುತ್ತದೆ. ಲಸಿಕೆ ಹಾಕಿಸಿದ ಒಂದು ವಾರದ ಮೇಲೆ ಕೆಲವು ಮಕ್ಕಳಿಗೆ ಸಣ್ಣ ಜ್ವರ, ಸ್ವಲ್ಪ ದದ್ದು ಬರುವುದೂ ಉಂಟು. ಅದೇ ದಿನ ಬಾರದೆ ವಾರ ಬಿಟ್ಟು ಯಾಕೆ? ರಟ್ಟಿನ ಆಟ ಆಡಿದವರಿಗೆ ಉತ್ತರ ಹೊಳೆಯುತ್ತದೆ. ಬಲ ಕುಗ್ಗಿದ ವೈರಸ್ ಬೆಳೆಯಲು, ದೇಹ ಅದನ್ನು ಗುರುತಿಸಲು ಹೊತ್ತು ಬೇಕು.

ಮನೆಗೆಲಸಕ್ಕೆ ಇಷ್ಟು ಕೊಡಿ: ಅಮ್ಮನ ಜೊತೆ ಕೂತು ತಾಯಿ ಕಾರ್ಡಿನಲ್ಲಿ ದಡಾರ-ರುಬೆಲ್ಲಾ ಎಂಬ ಸಾಲು ಹುಡುಕಬೇಕು. ತಮ್ಮ ತಂಗಿಯರದ್ದೂ ನೋಡಬೇಕು. ಕಾರ್ಡು ಶಾಲೆಗೆ ತರುವುದು ಬೇಡ, ಯಾರ ಮುಂದೆಯೂ ಹೇಳುವುದು ಬೇಡ. ಡೋಸ್ ತಪ್ಪಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಸಾಕು. ತಪ್ಪಿದ ಡೋಸನ್ನು 5 ವರ್ಷದವರೆಗೆ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲೇ ಉಚಿತವಾಗಿ ಹಾಕುತ್ತಾರೆ. ದೊಡ್ಡ ಮಕ್ಕಳಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ.

ಮಕ್ಕಳು ಕೇಳುವ ಇನ್ನಷ್ಟು

"ಲಸಿಕೆ ಹಾಕಿಸಿದರೂ ಬರುತ್ತಾ?" ಅಪರೂಪಕ್ಕೆ ಬರಬಹುದು. ಎರಡು ಡೋಸ್ ಆದವರಲ್ಲಿ 100ಕ್ಕೆ ಸುಮಾರು 97 ಜನರಿಗೆ ರಕ್ಷಣೆ ಸಿಗುತ್ತದೆ. ಬೇಕಾದರೆ ಎರಡನೇ ಚೀಟಿ ಆಟದಲ್ಲಿ ಒಂದು "ಲ" ಚೀಟಿಗೆ ಸಣ್ಣ ಗೆರೆ ಎಳೆದು, ಅದು ಕೆಲಸ ಮಾಡದ ಡೋಸ್ ಅಂತ ಮಾಡಿ ಮತ್ತೆ ಆಡಿಸಿ.

"ನಮ್ಮ ದನಕ್ಕೆ ಬರುತ್ತಾ?" ಈ ಪ್ರಶ್ನೆ ಹಳ್ಳಿ ಮಕ್ಕಳಿಂದ ತಪ್ಪದೆ ಬರುತ್ತದೆ, ಬಹಳ ಒಳ್ಳೆಯ ಪ್ರಶ್ನೆ. ದನಕ್ಕೆ ಬರುವುದಿಲ್ಲ. ಆದರೆ ಇದರ ಹತ್ತಿರದ ನೆಂಟ ಒಂದಿತ್ತು, ರಿಂಡರ್‌ಪೆಸ್ಟ್. ಹಟ್ಟಿಗೆ ಹಟ್ಟಿಯನ್ನೇ ಖಾಲಿ ಮಾಡುತ್ತಿತ್ತು. ದನಗಳಿಗೆ ಲಸಿಕೆ ಹಾಕಿ ಹಾಕಿ ಅದನ್ನು ಪ್ರಪಂಚದಿಂದಲೇ ಅಳಿಸಿದರು. 2011ರಲ್ಲಿ ಆ ಘೋಷಣೆ ಆಯಿತು. ಮನೆಯಲ್ಲಿ ಹಳೆಯವರಿದ್ದರೆ ಆ ರೋಗದ ಕಾಲದ ಬಗ್ಗೆ ಕೇಳಿಕೊಂಡು ಬರಲಿ.

"ಆ್ಯಂಟಿಬಯೋಟಿಕ್ ಕೊಟ್ಟರೆ ಹೋಗಲ್ವಾ?" ಇಲ್ಲ, ಅದು ಬ್ಯಾಕ್ಟೀರಿಯಾಗೆ. ದಡಾರದ ನಂತರ ನ್ಯುಮೋನಿಯಾ ಬಂದರೆ ಡಾಕ್ಟರ್ ಕೊಡಬಹುದು.

ನಿಜವಾಗಿಯೂ ಕಾಣಿಸಿಕೊಂಡರೆ

ತರಗತಿಯಲ್ಲಿ ಒಂದು ಮಗುವಿಗೆ ಜ್ವರದ ಜೊತೆ ದದ್ದು ಎದ್ದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮೊದಲು ಫೋನ್ ಮಾಡಿ ಹೇಳಿದರೆ ಒಳ್ಳೆಯದು, ಹೊರರೋಗಿಗಳ ಸಾಲಿನಲ್ಲಿ ಕೂಸುಗಳ ಪಕ್ಕ ಕೂರಿಸುವುದು ತಪ್ಪುತ್ತದೆ. ದದ್ದು ಎದ್ದ ದಿನದಿಂದ 4 ದಿನ ಕಳೆಯುವವರೆಗೆ ಮಗು ಶಾಲೆಗೆ ಬರುವುದು ಬೇಡ. ದಡಾರಕ್ಕೆ ಅಂತಲೇ ವೈರಸ್ ಕೊಲ್ಲುವ ಔಷಧಿ ಇಲ್ಲ. ಡಾಕ್ಟರ್ ಎರಡು ದಿನ ವಿಟಮಿನ್ ಎ ಕೊಡುತ್ತಾರೆ. ಅದರ ಪ್ರಮಾಣ ವಯಸ್ಸಿನ ಮೇಲೆ ಹೋಗುತ್ತದೆ, ಮನೆಯಲ್ಲಿ ನಾವೇ ಕೊಡುವ ಹಾಗಿಲ್ಲ. ಗಂಜಿ, ಎಳನೀರು, ಮೊಟ್ಟೆ, ಬೇಳೆ, ಮಗು ಏನು ತಿನ್ನುತ್ತದೋ ಅದನ್ನು ಮತ್ತೆ ಮತ್ತೆ ಕೊಡಿ. ಎದೆಹಾಲು ಕುಡಿಯುವ ಕೂಸಾದರೆ ನಿಲ್ಲಿಸಬೇಡಿ. ಉಸಿರು ಜೋರಾಗುವುದು, ಏನೂ ಕುಡಿಯದಿರುವುದು, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ಮಂಪರು, ಕಣ್ಣಿನ ಗುಡ್ಡೆ ಮಬ್ಬಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ವಾಸಿಯಾಗಿ ಬಂದ ಮಗುವನ್ನು ಬೇರೆ ಕೂರಿಸಬೇಡಿ. ಗೆಳೆಯರು ದೂರ ಸರಿದರೆ ಕ್ಯಾಲೆಂಡರ್ ಹಾಳೆ ತೆಗೆದು, 19ನೇ ತಾರೀಕಿಗೆ ಕೆಂಪು ಬಣ್ಣ ಮುಗಿದಿದೆ ಅಂತ ತೋರಿಸಿ.

ಮೂರನೇ ಪೀರಿಯಡ್ ಮುಗಿಯುವ ಹೊತ್ತಿಗೆ ನಿಮಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಒಂದಷ್ಟು ಉಳಿದಿರುತ್ತವೆ. ಅವನ್ನು ಮಕ್ಕಳ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿಡಿ. ನಮ್ಮ ಕಡೆ ಸಾಮಾನ್ಯವಾಗಿ ಗುರುವಾರ ಅಂಗನವಾಡಿಗೋ ಉಪಕೇಂದ್ರಕ್ಕೋ ಲಸಿಕೆ ಹಾಕಲು ಸಿಸ್ಟರ್ ಬರುತ್ತಾರೆ. ಮೊದಲೇ ಕೇಳಿಕೊಂಡು, ಕೆಲಸ ಮುಗಿದ ಮೇಲೆ ಹತ್ತು ನಿಮಿಷ ತರಗತಿಗೆ ಬರಲು ಹೇಳಿ. ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿಯನ್ನು ಮಕ್ಕಳು ಹತ್ತಿರದಿಂದ ನೋಡಲಿ, ಆ ಹಾಳೆಯ ಪ್ರಶ್ನೆಗಳನ್ನು ಅವರೇ ಕೇಳಲಿ.